ಎಡಭುಜದ ಹೂ

ವರ್ಷದಲ್ಲಿ ಎಂಟು ತಿಂಗಳು ಗಂಡ ನನ್ನವನು, ಉಳಿದ ನಾಲ್ಕು ತಿಂಗಳು ಕುದುರೆಯವನು ಅಂತ ಕಾಳಿಯಮ್ಮ ಎಂದೋ ಮನಸ್ಸಿನಲ್ಲೇ ಪಾಲು ಮಾಡಿಕೊಂಡುಬಿಟ್ಟಿದ್ದಳು. ಸೂಲೂರಿನಾಚೆಯ ಮೈದಾನದಲ್ಲಿ ರೇಸು ನಡೆಯುವುದು ಚಳಿಗಾಲದಲ್ಲಿ ಮಾತ್ರ. ಆಗ ರಾಮಸಾಮಿ ಮಗ್ಗದ ಮುಂದೆ ಕೂತಿದ್ದರೂ ಅಲ್ಲಿರುತ್ತಿರಲಿಲ್ಲ. ಲಾಳಿಯ ಸದ್ದಿನಲ್ಲಿ ಅವನಿಗೆ ಗೊರಸಿನ ಸದ್ದು ಕೇಳುತ್ತಿತ್ತು. ಕೈ ನಿಧಾನವಾಗುತ್ತಿತ್ತು, ಕಣ್ಣು ಕಿಟಕಿಯಾಚೆ ಹೋಗುತ್ತಿತ್ತು, ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅವನೂ ಹೋಗುತ್ತಿದ್ದ. ಬಿಸಿಲು ಏರಿ ರೇಸು ನಿಂತಿತೆಂದರೆ ದಾರಿ ತಪ್ಪಿದ ಹಸುವಿನ ಹಾಗೆ ತಲೆ ಬಗ್ಗಿಸಿಕೊಂಡು ಹಿಂತಿರುಗುತ್ತಿದ್ದ. ಒಳ್ಳೆಯ ಮನುಷ್ಯ, ಪಾಪ. ಆ ಎಂಟು ತಿಂಗಳು ಅವನು ಹಾಡುತ್ತಾ ನೇಯುತ್ತಿದ್ದ, ಅವಳು ಪಕ್ಕದಲ್ಲಿ ರಾಟೆ ತಿರುಗಿಸಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅಷ್ಟು ಸಾಕಿತ್ತು ಅವಳಿಗೆ.

ಈಗ ಅದಕ್ಕೂ ಕಲ್ಲು ಬೀಳುವ ಕಾಲ ಬಂತು. ಮೈದಾನದ ಕ್ಲಬ್ಬಿನವರಿಗೆ ವರ್ಷವಿಡೀ ತೆರೆದಿರುವ ಪಂತದ ಮನೆ ಕಟ್ಟಬೇಕಂತೆ. ಕುದುರೆ ಇಲ್ಲಿ ಓಡದಿದ್ದರೇನು, ಎಲ್ಲೆಲ್ಲೋ ಓಡುವ ಕುದುರೆಗಳನ್ನು ಗೋಡೆಯಗಲದ ಪರದೆಯಲ್ಲಿ ತೋರಿಸುತ್ತಾರಂತೆ. ಗುಂಡಿ ಒತ್ತಿ ಆಡುವ ಯಂತ್ರಗಳೂ ಬರುತ್ತವಂತೆ. ಎಲ್ಲ ಕಾನೂನಿನ ಪ್ರಕಾರವೇ ಅಂತೆ. ಬೇಕಾಗಿರುವುದು ಜಾಗ, ಅದು ಮೈದಾನದ ಬೇಲಿಗೆ ಅಂಟಿಕೊಂಡಿರುವ, ಕುಲದೇವತೆ ಸೌಡಮ್ಮನ ಗುಡಿಯ ಹೊಲ. ಕೊಟ್ಟರೆ ಗುಡಿಗೆ ಹೊಸ ಗೋಪುರ. ನೇಕಾರ ಕುಲದ ಹಿರಿಯ ದೇವರಾಜನ್ ಗೋಪುರದ ಚಿತ್ರವನ್ನು ಮನೆಮನೆಗೂ ತೋರಿಸಿಕೊಂಡು ಬಂದ.

ಆ ವಾರವೆಲ್ಲ ಕಾಳಿಯಮ್ಮನಿಗೆ ಮಧ್ಯಾಹ್ನದ ಜೊಂಪಿನಲ್ಲಿ ಒಂದೇ ಕನಸು. ಮಗ್ಗದ ಗುಂಡಿಯಲ್ಲಿ ಬಿಳಿ ಕುದುರೆಯೊಂದು ಇಳಿದು ನಿಂತಿದೆ. ಹಾಸಿನ ನೂಲನ್ನು ಎಳೆಎಳೆಯಾಗಿ, ಯಾವ ಅವಸರವೂ ಇಲ್ಲದೆ ಮೇಯುತ್ತಿದೆ. ರಾಮಸಾಮಿ ಅದರ ಕುತ್ತಿಗೆ ಸವರುತ್ತಾ, ಅವಳ ಪಕ್ಕದಲ್ಲಿ ಕೂತು ಹಾಡುವ ಹಾಡನ್ನೇ ಅದಕ್ಕೂ ಹಾಡುತ್ತಿದ್ದಾನೆ. ಓಡಿಸಬೇಕೆಂದು ಕೈಯೆತ್ತಿದರೆ ಅದು ತಿರುಗಿ ನೋಡುತ್ತದೆ. ಎಷ್ಟು ಚೆಂದದ ಕಣ್ಣು! ಎಚ್ಚರವಾದಾಗ ಅವಳಿಗೆ ಕುದುರೆಯ ಮೇಲೆ ಸಿಟ್ಟೇ ಬರುತ್ತಿರಲಿಲ್ಲ, ಬಾಯಾರಿಕೆ ಮಾತ್ರ ಆಗುತ್ತಿತ್ತು.

ಕುಲದ ಕೂಟದಲ್ಲಿ ಅವಳು ಎದ್ದು ನಿಂತಳು. "ದೇವರಾಜಣ್ಣಾ, ರೇಸು ಇರೋ ನಾಲ್ಕು ತಿಂಗ್ಳೇ ನಮ್ ಕೈಲಿ ತಡ್ಕೊಳಕ್ಕಾಗಲ್ಲ. ವರ್ಷಪೂರ್ತಿ ಕದ ತೆಗ್ದಿಟ್ರೆ ಗಂಡಸ್ರು ಮನೇಗೆ ಬರೋದು ಯಾವಾಗ?"

"ಯಾರೂ ಯಾರ್ ಕೈನೂ ಹಿಡ್ದು ಎಳೆಯೋದಿಲ್ಲ, ತಂಗಚ್ಚಿ," ಅಂದ ದೇವರಾಜನ್.

ಹೆಂಗಸರು ಬೇಡವೆಂದರು, ಗಂಡಸರಲ್ಲಿ ಬಹಳ ಜನ ಬೇಕೆಂದರು. ಹಗ್ಗ ಜಗ್ಗಾಟ ಮುಗಿಯಲಿಲ್ಲ. ಹಾಗಾದಾಗ ಮಾಡುವುದೇನೆಂದು ಅಲ್ಲಿ ಎಲ್ಲರಿಗೂ ಗೊತ್ತು: ಸೌಡಮ್ಮನನ್ನೇ ಕೇಳುವುದು. ಅವಳ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ ಕಾಯಬೇಕು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದಾದರೆ ಬೇಡ. ಆಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ಕಾಳಿಯಮ್ಮ ಸಂತೋಷದಿಂದಲೇ ಒಪ್ಪಿದಳು. ತಾಯಿ ತನ್ನ ಹೊಲವನ್ನು ಅಂಥದ್ದಕ್ಕೆ ಕೊಟ್ಟಾಳೇ?

ಅಮಾವಾಸ್ಯೆಯಂದು ಮಗ್ಗಗಳಿಗೆ ರಜೆ. ಊರಿನಲ್ಲಿ ಒಂದು ಲಾಳಿಯ ಸದ್ದೂ ಇರಲಿಲ್ಲ, ಜನವೆಲ್ಲ ಗುಡಿಯಲ್ಲಿತ್ತು. ಸಾಂಬ್ರಾಣಿಯ ಹೊಗೆ ಬೆಳಗಿನ ಬಿಸಿಲಿನಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಮುಂದಿನ ಸಾಲಿನಲ್ಲಿ ನಿಂತ ಕಾಳಿಯಮ್ಮ ದೇವಿಯ ಎಡಭುಜವನ್ನೇ ದಿಟ್ಟಿಸಿದಳು. ನೋಡುತ್ತಾ ನೋಡುತ್ತಾ ಗುಡಿ, ಜನ, ಗಂಟೆ ಎಲ್ಲ ದೂರವಾಗಿ, ಲೋಕದಲ್ಲಿ ಆ ಹೂವೊಂದೇ ಉಳಿದಂತಾಯಿತು. ಹೂವಿನಿಂದ ನೀರಿನ ಹನಿಯೊಂದು ಜಾರಿತು.

"ಬಲಕ್ಕೆ ನಂದು," ಎಂದಿತು ಹಿಂದಿನಿಂದ ಒಂದು ಪಿಸುದನಿ.

"ನಂದು ಎಡಕ್ಕೆ. ಪಂದಯಂ!"

ಪಂತವೆಂದ ಆ ಎರಡನೆಯ ದನಿ ಅವಳಿಗೆ ಗೊತ್ತಿತ್ತು. ತಿರುಗಿ ನೋಡಿದಳು. ಕಂಬದ ಮರೆಯಲ್ಲಿ ಟೀ ಅಂಗಡಿಯ ಶಕ್ತಿವೇಲ್ ಟವಲ್ಲು ಹಿಡಿದು ನಿಂತಿದ್ದ, ಸುತ್ತ ಒಬ್ಬೊಬ್ಬರೇ ಅದರೊಳಗೆ ನೋಟು ತುರುಕುತ್ತಿದ್ದರು. ಅವರ ನಡುವೆ ರಾಮಸಾಮಿ. ಅವನ ಮುಖ ಬೆಳಗುತ್ತಿತ್ತು. ತನ್ನ ಪಕ್ಕ ಕೂತು ಹಾಡುವಾಗಲೂ ಆ ಮುಖದಲ್ಲಿ ಅಷ್ಟು ಬೆಳಕನ್ನು ಅವಳು ಕಂಡಿರಲಿಲ್ಲ.

ಗರ್ಭಗುಡಿಯ ಹೊಸ್ತಿಲು ದಾಟಬಾರದೆಂಬುದು ನೆನಪಿಗೇ ಬರಲಿಲ್ಲ. ಒಳಗೆ ನುಗ್ಗಿ ಎರಡು ಹೂಗಳನ್ನೂ ಕಿತ್ತು ಮುಷ್ಟಿಯಲ್ಲಿ ಹಿಡಿದಳು.

"ಅಯ್ಯೋ, ಏನ್ ಮಾಡ್ದೆ!" ಎಂದು ಪೂಜಾರಿ ಕೂಗಿದ.

"ತಾಯಿನ ಕೇಳೋಕ್ ಬಂದ್ರೋ, ಓಡ್ಸೋಕ್ ಬಂದ್ರೋ? ಆ ಶಕ್ತಿವೇಲ್ ಟವಲ್ಲು ಬಿಚ್ಚಿ ನೋಡಿ. ಅವಳ್ನೂ ಕುದ್ರೆ ಮಾಡ್ಬುಟ್ರಲ್ಲಾ!"

ಯಾರೋ ಟವಲ್ಲು ಎಳೆದರು. ನೋಟುಗಳು ಗುಡಿಯ ಕಲ್ಲಿನ ಮೇಲೆ ಚೆಲ್ಲಿದವು. ಮುದುಕ ಪೂಜಾರಿ ಅವನ್ನು ನೋಡಿದ, ದೇವಿಯನ್ನು ನೋಡಿದ, ಆಮೇಲೆ ತೆರೆ ಎಳೆದುಬಿಟ್ಟ. "ಪಂತ ಕಟ್ದೋರ್ಗೆ ತಾಯಿ ಉತ್ತರ ಕೊಡಲ್ಲ. ಹೊಲದ್ ಮಾತು ಇನ್ನು ಈ ಗುಡೀಲಿ ಎತ್ಬ್ಯಾಡಿ," ಅಂದ. ದೇವರಾಜನ್ ಗೋಪುರದ ಚಿತ್ರವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

ಮನೆಯ ದಾರಿಯಲ್ಲಿ ರಾಮಸಾಮಿ ಹಿಂದೆ ಹಿಂದೆಯೇ ಬಂದ. ಗಿರಣಿಯ ಗೋಡೆ ದಾಟಿದ ಮೇಲೆ ಮೆಲ್ಲಗೆ ಹೇಳಿದ: "ಕಾಳೀ, ನಾನು ಕಟ್ಟಿದ್ದು ಎಡಕ್ಕೆ. ಬೇಡ ಅನ್ನೋ ಕಡೆಗೆ. ನಿನ್ ಕಡೆಗೇ."

ಅವಳು ನಿಂತಳು. ಹೆಂಡತಿಯ ಪಕ್ಷ ವಹಿಸುವುದಕ್ಕೂ ಈ ಮನುಷ್ಯನಿಗೆ ಪಂತವೇ ಬೇಕಾಯಿತಲ್ಲ ಎಂದು ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಮುಷ್ಟಿ ಬಿಚ್ಚಿದಳು. ಹೂಗಳು ಬಾಡಿ ಒಂದಕ್ಕೊಂದು ಅಂಟಿಕೊಂಡಿದ್ದವು, ಎಡದ್ದು ಯಾವುದು ಬಲದ್ದು ಯಾವುದು ತಿಳಿಯುವಂತಿರಲಿಲ್ಲ.

ಮರುದಿನ ಅವನು ಹಾಡುತ್ತಾ ನೇಯತೊಡಗಿದ, ಅವಳ ರಾಟೆ ತಿರುಗಿತು. ಚಳಿಗೆ ಇನ್ನೂ ಬೇಕಾದಷ್ಟು ದಿನವಿತ್ತು. ಇದ್ದಕ್ಕಿದ್ದಂತೆ ಲಾಳಿ ನಿಂತಿತು. ರಾಮಸಾಮಿಯ ಕಣ್ಣು ಕಿಟಕಿಯಾಚೆ ಹೋಗಿತ್ತು.

"ಏನುಂಗ?" ಎಂದು ಕೇಳಿದಳು ಕಾಳಿಯಮ್ಮ.

"ನೀನು ಕೀಳದೆ ಬಿಟ್ಟಿದ್ರೆ ಎಡದ್ದೇ ಬೀಳ್ತಿತ್ತು, ಅಲ್ವಾ ಕಾಳೀ?"

ಅವಳು ಹೊಸ ಕಂಡಿಕೆಯನ್ನು ಅವನ ಅಂಗೈಗಿಟ್ಟು, ಆ ಕೈಯನ್ನು ಬಿಡದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ಕೂತಳು.

"ನೇಯಿರಿ," ಅಂದಳು.