ಹತ್ತು ಗಂಟೆಗೆ ತೆರೆಯುವ ಕಣ್ಣು

ಮೇಷ್ಟ್ರು ತನ್ನ ಕೆಲಸವನ್ನು ಕದ್ದು ನೋಡುತ್ತಿದ್ದಾರೆ ಎಂಬ ಅನುಮಾನ ನಕ್ಷೆ ಕಚೇರಿಯ ಪುಟ್ಟಕ್ಕನಿಗೆ ಹತ್ತಿ ಮೂರು ವಾರವಾಗಿತ್ತು. ದಿನಾ ಬೆಳಿಗ್ಗೆ ಹತ್ತಕ್ಕೆ ಅವಳ ಕಂಪ್ಯೂಟರ್ ಪರದೆಯಲ್ಲಿ ತಾನಾಗಿಯೇ ಒಂದು ಗಡಿಯಾರ ತೆರೆದುಕೊಳ್ಳುತ್ತಿತ್ತು. ಅದರ ಬೆನ್ನಿಗೇ ಎರಡು ದುಂಡು ಕಣ್ಣು. ಅವಳು ಮೌಸ್ ಎತ್ತ ಸರಿಸಿದರೂ ಅವು ಅತ್ತಲೇ ಹೊರಳುತ್ತಿದ್ದವು.

ಆ ಕಚೇರಿಯಲ್ಲಿ ಕೆಲಸವೆಲ್ಲ ನೆಲಮಾಳಿಗೆಯ ದೊಡ್ಡ ಯಂತ್ರದ್ದು. ಮೇಜಿನ ಮೇಲಿನ ಪುಟ್ಟ ಕಂಪ್ಯೂಟರ್‌ಗಳು ತಂತಿಯಲ್ಲಿ ಬಂದ ಕಿಟಕಿಗಳನ್ನು ತೋರಿಸುತ್ತಿದ್ದವು, ಅಷ್ಟೇ. ಯಾವ ಮೇಜಿಗೆ ಕಳಿಸು ಎಂದರೆ ದೊಡ್ಡ ಯಂತ್ರ ಆ ಮೇಜಿಗೇ ಕಳಿಸುತ್ತಿತ್ತು. ಯಾಕೆ, ಏನು ಎಂದು ಕೇಳುವ ಜಾಯಮಾನ ಅದರದ್ದಲ್ಲ. ಮರದ ಅಡ್ಡಗೋಡೆಯ ಆಚೆ ಕೂರುವ ಮೇಷ್ಟ್ರು ಮೂವತ್ತು ವರ್ಷ ಪೆನ್ಸಿಲ್ಲಿನಲ್ಲಿ ಗೆರೆ ಎಳೆದವರು, ಅವಳಿಗೆ ಸ್ಕೇಲು ಹಿಡಿಯಲು ಕಲಿಸಿದವರು. ಅವರ ಕಂಪ್ಯೂಟರನ್ನು ಅಣಿಮಾಡಿಕೊಟ್ಟವಳು ಅವಳೇ. ಹೊಸದಾಗಿ ಬರೆಯುವ ಸೋಮಾರಿತನಕ್ಕೆ ಯಂತ್ರಕ್ಕೆ ಸೂಚನೆ ಕೊಡುವ ತನ್ನ ಫೈಲನ್ನೇ ನಕಲು ಮಾಡಿ ಅವರಿಗೂ ಹಾಕಿಕೊಟ್ಟಿದ್ದಳು.

ಮುಖ್ಯಸ್ಥೆಯ ಹುದ್ದೆ ತನಗೆ ಸಿಕ್ಕಿದ್ದಕ್ಕೆ ಮುದುಕನಿಗೆ ಹೊಟ್ಟೆಯುರಿ ಎಂದುಕೊಂಡಳು. ಅವರು ಕೆಮ್ಮಿದರೆ ಯಾರಿಗೋ ಸನ್ನೆ, ಸುಮ್ಮನಿದ್ದರೆ ಸಂಚು. ಟೀ ಬೇಕಾ ಅಂದರೂ ಅದರಲ್ಲೊಂದು ಹುಳುಕು ಕಂಡಳು. ಕೊನೆಗೆ ಸಾಹೇಬರಿಗೆ ದೂರು ಬರೆದೇ ಬಿಟ್ಟಳು. ಮೇಷ್ಟ್ರನ್ನು ಹಳೇ ಕಾಗದದ ಕೋಣೆಗೆ ಹಾಕುವುದೆಂದು ತೀರ್ಮಾನವಾಯಿತು. ಇವತ್ತೇ ಸಾಹೇಬರು ಬಂದು ಅವರಿಗೆ ಹೇಳುವುದಿತ್ತು.

ಹತ್ತು ಹೊಡೆಯಿತು. ಗಡಿಯಾರ ಬಂತು, ಕಣ್ಣೂ ಬಂದವು. ಮಾಲು ಸಮೇತ ಹಿಡಿಯೋಣವೆಂದು ಪುಟ್ಟಕ್ಕ ಅಡ್ಡಗೋಡೆ ದಾಟಿದಳು.

ಮೇಷ್ಟ್ರು ಬೆನ್ನು ಬಗ್ಗಿಸಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ಎದುರಿಗೆ, ಕಿಟಕಿಗಳು ಸರಿಯಾಗಿ ಬರುತ್ತವೆಯೇ ಎಂದು ಪರೀಕ್ಷಿಸಲು ಅವಳೇ ಬರೆದುಕೊಟ್ಟಿದ್ದ ಚೀಟಿ: ಮೊದಲು ಗಡಿಯಾರ, ಆಮೇಲೆ ಕಣ್ಣು, ಎರಡೂ ಬಂದರೆ ನಕ್ಷೆ. ಪರದೆಯಲ್ಲಿ ಟೈಪ್ ಮಾಡುವ ಒಂದು ಕಿಟಕಿ ಬಿಟ್ಟರೆ ಉಳಿದದ್ದೆಲ್ಲ ಬರೀ ಬೂದು.

"ಮೂರು ವಾರ ಆಯ್ತಮ್ಮ, ಏನೂ ಬರ್ತಿಲ್ಲ," ಅಂದರು. "ನಿನ್ನ ಕೇಳೋಕೆ ನಾಚಿಕೆ. ನನ್ನ ತಲೆಗೇ ಹತ್ತಲ್ಲ ಅನ್ಕೊಂಡು, ದಿನಾ ಹತ್ತಕ್ಕೆ ಒಂದ್ಸಲ ಒತ್ತಿ ನೋಡ್ತೀನಿ."

ಅವಳು ಬಗ್ಗಿ, ತಾನು ನಕಲು ಮಾಡಿಕೊಟ್ಟಿದ್ದ ಫೈಲು ತೆರೆದಳು. ಕಿಟಕಿಗಳು ಯಾವ ಮೇಜಿಗೆ ಹೋಗಬೇಕೆಂದು ಹೇಳುವ ಸಾಲಿನಲ್ಲಿ ಅವಳ ಕಂಪ್ಯೂಟರಿನ ಹೆಸರೇ ಕೂತಿತ್ತು. ತಿದ್ದಿದಳು. ಗಡಿಯಾರ ಮೇಷ್ಟ್ರ ಪರದೆಯಲ್ಲಿ ಮೂಡಿತು, ಹಿಂದೆಯೇ ಕಣ್ಣು. ಮೇಷ್ಟ್ರು ಮೌಸ್ ಅತ್ತಿತ್ತ ಆಡಿಸಿ ಮಗುವಿನಂತೆ ನಕ್ಕರು.

"ಹಾಗಾದ್ರೆ ಇಷ್ಟು ದಿನ ಇವೆಲ್ಲ ಎಲ್ಲಿಗೆ ಹೋಗ್ತಿದ್ವು?"

"ನನ್ನ ಹತ್ರ ಬರ್ತಿದ್ವು ಮೇಷ್ಟ್ರೇ."

ಅವರ ನಗು ನಿಂತಿತು. "ದಿನಾ ಬರ್ತಿದ್ವಾ? ಮತ್ತೆ ನನ್ನ ಒಂದು ಮಾತು ಯಾಕೆ ಕೇಳ್ಲಿಲ್ಲ?"

ಅಷ್ಟರಲ್ಲಿ ಸಾಹೇಬರು ಬಂದು ನಿಂತಿದ್ದರು, ಕೈಯಲ್ಲಿ ಅವಳ ದೂರಿನ ಕಾಗದ.

"ಕೊಡಿ ಸರ್," ಎಂದು ಪುಟ್ಟಕ್ಕ ಕೈಚಾಚಿದಳು. "ಮೇಷ್ಟ್ರಿಗೆ ನಾನೇ ಓದಿ ಹೇಳ್ತೀನಿ."