ಕಿಟಕಿ ಕಡೆಯ ಮುಖ

ನನ್ನ ಗಂಡ ಶಿವರಾಜ್‌ಗೆ ಜಯನಗರದಲ್ಲಿ ಸೀರೆ ಅಂಗಡಿ ಇದೆ. ಮಾಡೆಲ್‌ಗಳ ಫೋಟೊ ಹಾಕಿದರೆ ಈಗ ಜನ ನಂಬುವುದಿಲ್ಲವಂತೆ. ಸೀರೆ ಉಟ್ಟು ಮನೆಗೆಲಸ ಮಾಡುವ ನಿಜವಾದ ಹೆಂಗಸು ಬೇಕಂತೆ. ಎರಡು ವರ್ಷದಿಂದ ಆ ಹೆಂಗಸು ನಾನೇ. ಇನ್‌ಸ್ಟಾಗ್ರಾಂನಲ್ಲಿ ನನ್ನ ಹೆಸರು 'ಪಕ್ಕದ್ಮನೆ ಸಂಗೀತಾ'.

ನಿಜವಾದ ಹೆಂಗಸಂತೆ, ನನ್ನ ಕರ್ಮ! ಬೆಳಗ್ಗೆ ಏಳೂವರೆಗೆ ಕತ್ರಿಗುಪ್ಪೆಯ ನಮ್ಮ ಅಡುಗೆಮನೆ ಕಿಟಕಿಗೆ ಬಿಸಿಲು ಬರುತ್ತದೆ. ಅಷ್ಟರೊಳಗೆ ಮೇಕಪ್ ಮಾಡಿದ್ದೇ ಗೊತ್ತಾಗದ ಹಾಗೆ ಮುಕ್ಕಾಲು ಗಂಟೆ ಮೇಕಪ್ ಮಾಡಿಕೊಳ್ಳಬೇಕು. ಆಮೇಲೆ ನಾಲ್ಕು ಕೂದಲನ್ನು ಬೇಕೆಂದೇ ಕೆನ್ನೆಗೆ ಎಳೆದುಕೊಳ್ಳಬೇಕು. ಸೀರೆ ವಾಪಸ್ ಅಂಗಡಿಗೆ ಹೋಗುವಂಥದ್ದು, ಹಾಗಾಗಿ ಬೆಲೆಯ ಚೀಟಿ ಕೀಳುವಂತಿಲ್ಲ. ಒಳಗೆ ಸಿಕ್ಕಿಸಿಕೊಂಡರೆ ಸೊಂಟಕ್ಕೆ ಚುಚ್ಚುತ್ತದೆ. ಎಣ್ಣೆ ಸಿಡಿಯಬಾರದೆಂದು ಒಲೆಯನ್ನೂ ಹಚ್ಚುವುದಿಲ್ಲ. ಖಾಲಿ ಬಾಣಲೆಯಲ್ಲಿ ಸೌಟು ಆಡಿಸುತ್ತಾ ನಗಬೇಕು.

"ನ್ಯಾಚುರಲ್ಲಾಗಿ ಇರೇ," ಅನ್ನುತ್ತಾರೆ ಇವರು. "ಗಲ್ಲ ಸ್ವಲ್ಪ ಕಿಟಕಿ ಕಡೆ. ಸೆರಗು ನೆಲಕ್ಕೆ ತಾಗ್ತಿದೆ ನೋಡು, ಎತ್ಕೋ."

ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಕೆಲಸಕ್ಕಲ್ಲ. ನನ್ನದು ಅನ್ನುವ ಒಂದು ಮುಖವೂ ಉಳಿದಿರಲಿಲ್ಲ, ಅದಕ್ಕೆ. ಆಕಳಿಸಿದರೆ ಫೋಟೊ, ಸಿಟ್ಟು ಬಂದರೂ ಫೋಟೊ. "ಸಖತ್ತಾಗಿದೆ, ಹಾಗೇ ಇರು!" ಅಳುವುದನ್ನು ಮಾತ್ರ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಉಳಿಸಿಕೊಂಡಿದ್ದೆ. ಅದೊಂದನ್ನು ಯಾರಿಗೂ ಕೊಡುವುದಿಲ್ಲ ಅಂತ ಹಟ ಹಿಡಿದಿದ್ದೆ.

ಹೋದ ಗುರುವಾರ ಹಸಿರು ಇಳಕಲ್ ಸೀರೆ ಉಟ್ಟು ಖಾಲಿ ಬಾಣಲೆ ಕೆದಕುತ್ತಿದ್ದಾಗ ನನ್ನ ತಮ್ಮ ಚನ್ನವೀರ ಫೋನ್ ಮಾಡಿದ. ಅಪ್ಪ ಬಿಳೇಕಹಳ್ಳಿಯಲ್ಲಿ ಅವನ ಜೊತೆಗೇ ಇರುವುದು. ಲಿಂಗಪೂಜೆಗೆ ಕೂತಲ್ಲೇ ಕುಸಿದರಂತೆ.

"ಆಸ್ಪತ್ರೆಗೆ ಸೇರ್ಸಿದೀವಿ. ಬೇಗ ಬಾ ಅಕ್ಕಾ," ಅಂದ.

ನಿಂತಲ್ಲೇ ನೆಲಕ್ಕೆ ಕುಸಿದು ಅತ್ತುಬಿಟ್ಟೆ. ಎದುರಿಗೆ ಕ್ಲಿಕ್ ಅಂತ ಸದ್ದಾಯಿತು.

"ರೀ! ಮನುಷ್ಯರೇನ್ರೀ ನೀವು?" ಅಂತ ಕಿರುಚಿದೆ.

ಇವರ ಮುಖ ಬಿಳಿಚಿಕೊಂಡಿತು. "ಅಯ್ಯೋ, ಅಭ್ಯಾಸಕ್ಕೆ ಬೆರಳು ಹೋಗ್ಬಿಡ್ತು ಕಣೇ. ಡಿಲೀಟ್ ಮಾಡ್ತೀನಿ, ನಿನ್ನಾಣೆ."

"ಕೊಡಿ ಇಲ್ಲಿ. ನಾನೇ ಮಾಡ್ತೀನಿ."

ಮಾಡುವ ಮುಂಚೆ ಒಂದು ಸಲ ನೋಡಿದೆ. ನೋಡಬಾರದಿತ್ತು. ಕಣ್ಣೀರು ನಿಜವೇ. ಆದರೆ ನನ್ನ ಎಡಗೈ ಸೆರಗನ್ನು ನೆಲಕ್ಕೆ ತಾಗದ ಹಾಗೆ ಎತ್ತಿ ಹಿಡಿದಿತ್ತು. ಗಲ್ಲ ಕಿಟಕಿ ಕಡೆ ಇತ್ತು. ಹಾಗೆ ಮಾಡು ಅಂತ ನನಗೆ ಯಾರೂ ಹೇಳಿರಲಿಲ್ಲ. ಡಿಲೀಟ್ ಮಾಡಿ, ಸೀರೆಯನ್ನೂ ಬದಲಿಸದೆ ಒಬ್ಬಳೇ ಆಟೋ ಹತ್ತಿದೆ. ದಾರಿಯುದ್ದಕ್ಕೂ ಚೀಟಿ ಚುಚ್ಚುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಅಪ್ಪನ ಮೂಗಿಗೆ ಕೊಳವೆ ಹಾಕಿದ್ದರು. ಹಣೆಯ ಮೇಲೆ ಬೆಳಗಿನ ವಿಭೂತಿ ಅರ್ಧ ಅಳಿಸಿತ್ತು. ಅದನ್ನು ನೋಡಿದ್ದೇ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತೆ. ಇಲ್ಲಿ ಕ್ಯಾಮೆರಾ ಇಲ್ಲ, ಇವರೂ ಇಲ್ಲ, ಸದ್ಯ, ಮನಸಾರೆ ಅಳಬಹುದು ಅನ್ನಿಸಿತು.

ಚನ್ನವೀರ ನನ್ನ ಭುಜ ಮುಟ್ಟಿದ.

"ಅಕ್ಕಾ, ಅಪ್ಪ ಕಣ್ಣು ಬಿಟ್ಟಿದಾರೆ, ನಿನ್ನೇ ಹುಡುಕ್ತಿದಾರೆ. ನೀನ್ಯಾಕೆ ಆ ಕಡೆ ತಿರುಗ್ಕೊಂಡು ಅಳ್ತಿದೀಯ?"

ಆ ಕಡೆ ಕಿಟಕಿ ಇತ್ತು.