ಕಾಯ್ದೆ ತರಿಸಿದ ಸೂಕ್ಷ್ಮದರ್ಶಕ

ನಾನು ಒಂದು ಸೂಕ್ಷ್ಮದರ್ಶಕ. ದೂರದ ಉತ್ತರದ ಅಂಬಾಲ ಪಟ್ಟಣದ ಇಕ್ಕಟ್ಟಾದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ನನ್ನ ಮಸೂರ ಉಜ್ಜಿದ ಮುದುಕ ಕೊನೆಗೆ ಒಂದು ಸಕ್ಕರೆ ಹರಳನ್ನು ಇಟ್ಟು ನೋಡಿ, ತಲೆಯಾಡಿಸಿದ. ಅದನ್ನು ನಾನು ಆಶೀರ್ವಾದವೆಂದು ತಿಳಿದೆ.

ನನ್ನನ್ನು ಕೊಂಡದ್ದು ಭಯದಿಂದ. ಪ್ರಯೋಗಾಲಯವಿಲ್ಲದ ಪ್ರೌಢಶಾಲೆಯ ಮಾನ್ಯತೆ ರದ್ದಾಗುತ್ತದೆ ಎಂದು ರಾಜ್ಯದಲ್ಲಿ ಹೊಸ ಕಾಯ್ದೆ ಬಂದಿತ್ತು. ಕಾಲುವೆ ಸೀಮೆಯ ಪಟ್ಟಣವೊಂದರ ಶಿಕ್ಷಣ ಸಂಸ್ಥೆಗೆ ಮೂರು ಶಾಲೆಗಳಿದ್ದವು. ಅದರ ಕಾರ್ಯದರ್ಶಿ ಅಂದಾನಪ್ಪನವರು ಮೂರಕ್ಕೂ ಸೇರಿಸಿ ನನ್ನೊಂದನ್ನೇ ತರಿಸಿದರು. ತಪಾಸಣೆ ಯಾವ ಶಾಲೆಗೋ ಆ ಶಾಲೆಗೆ ನಾನು ಟವೆಲು ಸುತ್ತಿಕೊಂಡು ಆಟೊದಲ್ಲಿ ಹೋಗುತ್ತಿದ್ದೆ, ಮದುವೆಗೆ ಎರವಲು ತಂದ ಒಡವೆಯ ಹಾಗೆ. ಉಳಿದ ದಿನಗಳಲ್ಲಿ ಗಾಜಿನ ಬೀರು, ಅದಕ್ಕೊಂದು ಬೀಗ.

ಬಾಲಕಿಯರ ಶಾಲೆಯ ವಿಜ್ಞಾನದ ಟೀಚರ್ ನೀಲಾಂಬಿಕಾ ಒಮ್ಮೆ ಕೀಲಿ ಕೇಳಿದರು.

“ಹುಡುಗ್ಯಾರು ಒಂದ್ಸಲ ನೋಡ್ಲಿ ಬಿಡ್ರಿ ಸರ್.”

“ಒಡದ್ರ ಸಾಲಿ ಮುಚ್ಚಬೇಕಾಕ್ಕೈತ್ರಿ ಟೀಚರ್,” ಎಂದರು ಅಂದಾನಪ್ಪ. “ಕಾಯ್ದೆದಾಗ ಇದು ಇರಬೇಕು ಅಂದಾರ. ನೋಡಬೇಕು ಅಂತ ಎಲ್ಲೂ ಬರದಿಲ್ಲ.”

ಟೀಚರ್ ಮತ್ತೆ ಕೀಲಿ ಕೇಳಲಿಲ್ಲ. ಇದು ಮುಚ್ಚಿದರೆ ಊರಿನಲ್ಲಿ ಹುಡುಗಿಯರಿಗೆ ಬೇರೆ ಪ್ರೌಢಶಾಲೆ ಇರಲಿಲ್ಲ.

ಆ ಶಾಲೆಯ ತಪಾಸಣೆಯ ದಿನ ಅಧಿಕಾರಿ ಹತ್ತನೆಯ ತರಗತಿಯ ಶೈನಾಜಳನ್ನು ನನ್ನ ಮುಂದೆ ನಿಲ್ಲಿಸಿದರು.

“ಇದರಾಗ ಉಳ್ಳಾಗಡ್ಡಿ ಪೊರೆ ನೋಡೀಯೇನವ್ವ?”

ಅವಳು ಟೀಚರ ಮುಖ ನೋಡಿದಳು. ಟೀಚರ್ ಕಿಟಕಿಯ ಕಡೆ ತಿರುಗಿಕೊಂಡರು.

“ನೋಡೀನ್ರಿ. ಇಟ್ಟಂಗಿ ಜೋಡಿಸಿದಂಗ ಕೋಶ ಇರ್ತಾವ್ರಿ. ಒಂದೊಂದರೊಳಗ ಒಂದು ಕರಿ ಚುಕ್ಕಿ.”

ಪಠ್ಯಪುಸ್ತಕದ ಚಿತ್ರವನ್ನು ಅವಳು ಬಾಯಿಪಾಠ ಒಪ್ಪಿಸಿದ್ದಳು. ಅಧಿಕಾರಿ ಶಹಬ್ಬಾಸ್ ಎಂದು ಸಹಿ ಹಾಕಿದರು. ಅಂದಾನಪ್ಪನವರು ಅವರನ್ನು ಊಟಕ್ಕೆ ಕರೆದೊಯ್ದರು. ನನ್ನ ಆಟೊ ಇನ್ನೂ ಬಂದಿರಲಿಲ್ಲ.

ಟೀಚರ್ ತಮ್ಮ ಬುತ್ತಿಯಿಂದ ಉಳ್ಳಾಗಡ್ಡಿಯ ಹೋಳು ತೆಗೆದು, ಪೊರೆ ಸುಲಿದು ಗಾಜಿನ ಮೇಲೆ ಹಾಸಿದರು. ನನ್ನ ಕನ್ನಡಿಯನ್ನು ಬೆಳಕಿಗೆ ತಿರುಗಿಸಿದರು.

“ಬಾರವ್ವ. ಆಡಿದ ಮಾತು ಖರೇ ಆಗ್ಲಿ.”

ಶೈನಾಜಳ ರೆಪ್ಪೆ ನನಗೆ ತಾಗಿತು. ಉಸಿರು ಬಿಗಿಹಿಡಿದಿದ್ದಳು.

“ಕೋಶದ ಗ್ವಾಡಿ ಎಲ್ಲಾ ಸೊಟ್ಟ ಅದಾವ್ರಿ,” ಎಂದು ನಕ್ಕಳು. ಆಮೇಲೆ ನಗು ನಿಂತಿತು. “ಚುಕ್ಕಿ ಎಲ್ಲೈತ್ರಿ?”

“ಅಯೋಡಿನ್ ಹಾಕಿದ್ರ ಎದ್ದು ಕಾಣ್ತೈತಿ.”

“ಹಾಕ್ರಿ ಮತ್ತ. ಅಲ್ಲೇ ಅಯೋಡಿನ್ ಅಂತ ಬರದ ಬಾಟ್ಲಿ ಐತಲ್ರಿ.”

“ಅದರಾಗ ಇರೂದು ಚಾದ ಡಿಕಾಕ್ಷನ್ ಅವ್ವ. ತಪಾಸಣಿಗಂತ ತುಂಬಿಟ್ಟಾರ.”

ಶೈನಾಜ ಮತ್ತೊಮ್ಮೆ ನನ್ನೊಳಗೆ ಕಣ್ಣಿಟ್ಟಳು.

“ಹಂಗಾರ ಚುಕ್ಕಿ ಖರೇನ ಐತೇನ್ರಿ?”

“ಐತಿ, ನಂಬು. ಪರೀಕ್ಷಾದಾಗ ಚಿತ್ರದೊಳಗ ಹಾಕಿ ಬಾ.”

ಅವಳು ನನ್ನನ್ನೊಮ್ಮೆ ನೋಡಿದಳು. “ನಂಬೂದಾದ್ರ ಇದ್ಯಾಕ್ ಬೇಕ್ರಿ?”

ಹೊರಗೆ ಆಟೊ ಹಾರನ್ ಹೊಡೆಯಿತು. ಟೀಚರ್ ನನ್ನನ್ನು ಟವೆಲಿನಲ್ಲಿ ಸುತ್ತಿದರು.

ಕೆಲವು ವರ್ಷಗಳ ಮೇಲೆ ಕಾಯ್ದೆಗೆ ತಿದ್ದುಪಡಿ ಬಂತು. ಪರದೆಯ ಮೇಲೆ ಚಿತ್ರ ತೋರಿಸಿದರೂ ಪ್ರಯೋಗಾಲಯವಿದ್ದಂತೆಯೇ ಎಂದಿತು ಅದು. ನನ್ನನ್ನು ಅಟ್ಟಕ್ಕೆ ಹಾಕಿದರು. ಈಗ ಮಸೂರಕ್ಕೆ ಬೂಷ್ಟು ಹಿಡಿದಿದೆ, ತಿರುಪು ತಿರುಗುವುದಿಲ್ಲ.

ಪರೀಕ್ಷೆಯಲ್ಲಿ ಶೈನಾಜ ಚುಕ್ಕಿ ಹಾಕಿದಳೋ, ತಾನು ಕಂಡ ಸೊಟ್ಟ ಗೋಡೆಗಳನ್ನಷ್ಟೇ ಬರೆದು ಬಂದಳೋ, ನನಗೆ ತಿಳಿಯದು. ಹಾಕದೆ ಬಂದಿದ್ದರೆ ನಾನು ಒಬ್ಬಳ ಕಣ್ಣಿಗಾದರೂ ಒದಗಿದೆನೆಂದು ಹೇಳಿಕೊಳ್ಳಬಹುದು. ಆದರೂ, ಮುಂದೆ ಓದಲು ಅಂಕ ಬೇಕಾದ ಹುಡುಗಿ ಅವಳು, ಹಾಕಿರಲಿ ಎಂದೇ ಬಯಸುತ್ತೇನೆ.